ತೌಡಿನ ಭರಣಿ

ಅಪೊಲೋನಿಯಾ ಮದುವೆಯ ಉಂಗುರ ಕಳಚಿ ಕಿಟಕಿಯ ದಂಡೆಯ ಮೇಲಿಟ್ಟಳು. ಮೊಣಕೈವರೆಗೆ ತೊಳೆದು ಒರೆಸಿಕೊಂಡಳು. ಆಮೇಲೆ ಭರಣಿಯೊಳಗೆ ಕೈಯಿಳಿಸಿದಳು. ಒದ್ದೆ ತೌಡು ತಣ್ಣಗಿತ್ತು. ತಳದ್ದು ಮೇಲಕ್ಕೆ, ಮೇಲಿನದು ತಳಕ್ಕೆ, ಬದಿಯದ್ದು ನಡುವಿಗೆ. ಹದಿನೆಂಟು ವರ್ಷಗಳಿಂದ ಬೆಳಿಗ್ಗೆ ಎಂಟಕ್ಕೆ ಅವಳ ಕೈ ಮಾಡುತ್ತ ಬಂದ ಕೆಲಸ ಇದು. ಇವತ್ತು ಸಂಜೆ ಭರಣಿ ಇನ್ನೊಬ್ಬರ ಪಾಲಾಗಲಿತ್ತು.

ಅದು ಜಪಾನಿನವರ ಉಪ್ಪಿನಕಾಯಿಯ ಭರಣಿ. ಅಕ್ಕಿಯ ತೌಡಿಗೆ ಉಪ್ಪುನೀರು ಕಲಸಿ ಹುಳಿ ಬರಿಸಿ, ಅದರೊಳಗೆ ಸೌತೆ, ಮೂಲಂಗಿ, ಎಳೆಬದನೆ ಹುಗಿದಿಟ್ಟರೆ ಮರುದಿನಕ್ಕೆ ಉಪ್ಪು ಹುಳಿ ಹಿಡಿದಿರುತ್ತದೆ. ತರಕಾರಿಯನ್ನು ತೆಗೆದು ತೊಳೆದು ಹೆಚ್ಚಿ ತಿನ್ನುವುದು. ತೌಡು ಮಾತ್ರ ಹಾಗೆಯೇ ಉಳಿದು, ಮೊಸರಿನ ಹೆಪ್ಪಿನಂತೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಷರತ್ತು ಒಂದೇ. ದಿನಕ್ಕೊಮ್ಮೆ ಬರಿಗೈಯಲ್ಲಿ ಮಗುಚಬೇಕು. ಎರಡು ದಿನ ಮರೆತರೆ ಮೇಲೆ ಬೂಸ್ಟು ಕಟ್ಟುತ್ತದೆ, ನಾಲ್ಕು ದಿನ ಮರೆತರೆ ವಾಸನೆ ತಿರುಗುತ್ತದೆ. ಮಗುಚುವ ಕೈ ಯಾರದೋ ರುಚಿಯೂ ಅವರದೇ ಎಂದು ಮೇಡಮ್ಮುಗಳೇ ಹೇಳುತ್ತಿದ್ದರು. ಹಾಗೆ ಹೇಳಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಭರಣಿಯನ್ನು ಕುವೈತಿಗೆ ತಂದವರು ಹಿರಾಯಾಮಾ ಮೇಡಂ. ಅವರ ಗಂಡ ಇಲ್ಲಿಯ ಒಂದು ಜಪಾನೀ ಕಂಪೆನಿಯ ಮ್ಯಾನೇಜರ್. ಮೂರು ನಾಲ್ಕು ವರ್ಷಕ್ಕೊಮ್ಮೆ ಮ್ಯಾನೇಜರ್ ಬದಲಾಗುತ್ತಿದ್ದರು. ಅವರೊಂದಿಗೆ ಮೇಡಮ್ಮೂ ಬದಲಾಗುತ್ತಿದ್ದರು. ಬದಲಾಗದೆ ಉಳಿದದ್ದು ವಿಲ್ಲಾ, ಭರಣಿ ಮತ್ತು ಅಡುಗೆಯ ಅಪೊಲೋನಿಯಾ. ಪ್ರತಿವರ್ಷ ಏಪ್ರಿಲ್‌ನಲ್ಲಿ ನಡೆಯುವ ಜಪಾನ್ ಹಬ್ಬದಲ್ಲಿ ಅಲ್ಲಿಯ ಹೆಂಗಸರು ಉಪ್ಪಿನಕಾಯಿಯ ಮಳಿಗೆ ಇಡುತ್ತಿದ್ದರು. ಊರಿಗೆ ಮರಳುವ ಮೇಡಂ ಅಲ್ಲೇ, ಎಲ್ಲರೆದುರು, ಭರಣಿಯನ್ನು ಹೊಸ ಮೇಡಂ ಕೈಗೆ ಒಪ್ಪಿಸುವುದು ಪದ್ಧತಿಯಾಗಿಬಿಟ್ಟಿತ್ತು. ಚಪ್ಪಾಳೆ, ಫೋಟೋ. ಮರುದಿನ ಭರಣಿ ಅದೇ ಅಡುಗೆಮನೆಗೆ, ಅಪೊಲೋನಿಯಾಳ ಕೈಗೇ ವಾಪಸು.

ಈ ಸಲ ಹಾಗಾಗುವಂತಿರಲಿಲ್ಲ. ಐದನೆಯವರಾದ ತಾನಿಗುಚಿ ಮೇಡಂ ಮುಂದಿನ ವಾರ ಹೊರಡುತ್ತಾರೆ. ಬರಲಿರುವ ಮ್ಯಾನೇಜರಿಗೆ ಸಂಸಾರವಿಲ್ಲ, ವಿಲ್ಲಾ ಬಿಟ್ಟುಕೊಡುತ್ತಾರೆ. ಅಪೊಲೋನಿಯಾಳನ್ನು ಕುವೈತ್ ಸಿಟಿಯ ಆಫೀಸಿನಲ್ಲಿ ಚಹಾ ಕಾಫಿ ನೋಡಿಕೊಳ್ಳಲು ಹಾಕಿದ್ದರು. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಗೆ ತೊಂದರೆಯಿಲ್ಲ, ಹೊಟ್ಟೆಪಾಡಿಗೆ ಕುತ್ತಿಲ್ಲ. ಭರಣಿ ಮಾತ್ರ ಬೇರೊಂದು ಕಂಪೆನಿಯ ಮೊರಿತಾ ಎಂಬ ಹುಡುಗಿಗೆ ಹೋಗುತ್ತಿತ್ತು. ಮದುವೆಯಾಗಿ ಬಂದು ಆರು ತಿಂಗಳಾದವಳು.

"ತೌಡು, ಉಪ್ಪು, ನೀರು. ಇಷ್ಟೇ ತಾನೆ? ಹೊಸತು ಮಾಡು ಮಾರಾಯ್ತಿ" ಎಂದು ಗಂಡ ಸಿಲ್ವೆಸ್ಟರ್ ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿದ್ದ. ಅವನು ಶುವೈಖ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವವನು. ಅವನ ಲೆಕ್ಕದಲ್ಲಿ ಹಾಳಾದದ್ದಕ್ಕೆಲ್ಲ ಹೊಸತು ಸಿಗುತ್ತಿತ್ತು. "ಪೋಪ್ ಸ್ವಾಮಿಗಳು ಆಶೀರ್ವಾದ ಮಾಡಿ ಕಳಿಸಿದ್ದಾ ಅದು?"

"ನನಗೇನೂ ಬೇಡ. ಸುಮ್ಮನೆ ಹೇಳಿದೆ" ಎಂದಿದ್ದಳು ಅವಳು.

ಬೇಕಿತ್ತು. ಎಷ್ಟು ಬೇಕಿತ್ತೆಂದು ಅವಳಿಗೆ ಈ ಒಂದು ತಿಂಗಳಲ್ಲಿ ಗೊತ್ತಾಗಿತ್ತು. ಕೊರೋನಾದ ವರ್ಷ ಮೇಡಂ ಜಪಾನಿಗೆ ಹೋದವರು ಎಂಟು ತಿಂಗಳು ಬರಲಾಗಲಿಲ್ಲ. ಆಗ ಭರಣಿ ಇದ್ದದ್ದು ಅಪೊಲೋನಿಯಾಳ ಒಂದು ಕೋಣೆಯ ಫ್ಲ್ಯಾಟಿನಲ್ಲಿ, ಮಂಚದ ಕಾಲಬುಡದಲ್ಲಿ. ಹಾಕಲು ಜಪಾನಿನ ತೌಡು ಮುಗಿದಿತ್ತು. ಕುಚ್ಚಲಕ್ಕಿ ಹುರಿದು ಮಿಕ್ಸಿಯಲ್ಲಿ ತರಿತರಿ ಪುಡಿಮಾಡಿ ಹಾಕಿದಳು, ಎರಡು ಒಣಮೆಣಸು ಮುರಿದು ಹಾಕಿದಳು. ಆಮೇಲೆ ರಜೆಗೆ ಹೋದಾಗಲೆಲ್ಲ ಊರಿನ ಮಿಲ್ಲಿನಿಂದ ತೌಡು ತರುವುದು ರೂಢಿಯಾಯಿತು. ಹಬ್ಬದಲ್ಲಿ ತಿಂದವರು ರುಚಿ ಮೊದಲಿಗಿಂತ ಆಳವಾಗಿದೆ ಎಂದರು. ತಾನಿಗುಚಿ ಮೇಡಂ ನಾಚಿ ತಲೆಬಾಗಿದರು.

ಒಂಬತ್ತಕ್ಕೆ ಕಂಪೆನಿಯ ಕಾರು ಬಂತು. ಡ್ರೈವರ್ ಬಾವಾಕುಂಞಿ ಉಳ್ಳಾಲದ ಬ್ಯಾರಿ. ಅಪೊಲೋನಿಯಾಳಷ್ಟೇ ಹಳಬ.

"ಬಾಯಮ್ಮ, ಅದನ್ನು ಡಿಕ್ಕಿಯಲ್ಲಿ ಇಡಿ. ವಾಸನೆ ಸೀಟಿಗೆ ಹಿಡಿದ್ರೆ ಸರ್ ನನ್ನನ್ನೇ ಭರಣಿಗೆ ಹಾಕ್ತಾರೆ."

"ಹಾಕ್ಲಿ ಬಾವಾಕ. ನಿಮ್ಮ ಮಾತಿಗೂ ಸ್ವಲ್ಪ ಉಪ್ಪು ಹಿಡೀಲಿ" ಎಂದು ಅವಳು ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಳು.

"ಇವತ್ತು ಕೊಟ್ಟುಬಿಡುದಂತೆ?"

"ಹೌದಂತೆ."

"ನೀವು ಸಾಕಿದ್ದು. ಕೇಳ್ಬಹುದಿತ್ತಲ್ಲ ಒಂದು ಮಾತು?"

"ನಾವು ಕೇಳುದಾ? ಅವರಾಗಿ ಕೊಟ್ರೆ ಸರಿ."

ಬಾವಾಕುಂಞಿ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ ಕಾರು ಹೊರಡಿಸಿದ.

ಹಬ್ಬದ ಸಭಾಂಗಣ ಆಗಲೇ ತುಂಬಿತ್ತು. ಜಪಾನೀ ಕಾರ್ಟೂನಿನ ವೇಷ ಹಾಕಿ ನೀಲಿ ಕೂದಲು, ರಟ್ಟಿನ ಕತ್ತಿ ಕಟ್ಟಿಕೊಂಡ ಕುವೈತಿ ಹುಡುಗರು ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಬಾಯಾ ತೊಟ್ಟ ಹೆಂಗಸರು ಕಾಗದದ ಕೊಕ್ಕರೆ ಮಡಚಲು ಕಲಿಯುತ್ತಿದ್ದರು. ಒಂದು ಮೂಲೆಯಲ್ಲಿ ಚಾಪೆ ಹಾಸಿ, ಹಸಿರು ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ತಿರುಗಿಸಿ ಕುಡಿಯುವುದನ್ನು ತೋರಿಸುತ್ತಿದ್ದರು. ವೇದಿಕೆಯ ಮೇಲೆ ಯಾರೋ ದೊಡ್ಡ ಡೋಲಿನ ಹಗ್ಗ ಬಿಗಿಯುತ್ತಿದ್ದರು. ಬಾಗಿಲ ಹತ್ತಿರದ ಮೇಜಿನಲ್ಲಿ ಅಪೊಲೋನಿಯಾಳ ಮಗಳು ರಿಯೋನಾ ಕುಂಚ ಹಿಡಿದು ಕೂತಿದ್ದಳು. ಬಂದವರ ಹೆಸರನ್ನು ಜಪಾನೀ ಲಿಪಿಯಲ್ಲಿ ಬರೆದುಕೊಡುವುದು ಅವಳ ಕೆಲಸ. ಚಿಕ್ಕವಳಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ವಿಲ್ಲಾಕ್ಕೆ ಹೋಗಿ ಅಲ್ಲಿಯ ಕಾರ್ಟೂನು ನೋಡಿದವಳು. ಈಗ ಹತ್ತೊಂಬತ್ತು, ಮೂರು ವರ್ಷಗಳಿಂದ ತರಗತಿಗೆ ಹೋಗಿ ಓದುಬರಹ ಮಾತು ಎಲ್ಲ ಕಲಿತಿದ್ದಳು.

"ನನ್ನದೂ ಬರಿ ಮಗಾ" ಎಂದ ಬಾವಾಕುಂಞಿ.

"ಅಂಕಲ್, ನಿಮ್ಮ ಹೆಸರಿಗೆ ಪೇಪರ್ ಸಾಕಾಗುದಿಲ್ಲ. ಬಾವಾ ಅಂತ ಮಾತ್ರ ಬರೀಲಾ?"

"ಕುಂಞಿ ಬಿಟ್ರೆ ಅದು ನಾನಲ್ಲ. ಇನ್ನೊಂದು ಪೇಪರ್ ಅಂಟಿಸು."

ಉಪ್ಪಿನಕಾಯಿ ಹೆಚ್ಚುವುದು ಹಿಂದಿನ ಪ್ಯಾಂಟ್ರಿಯಲ್ಲಿ. ಅಪೊಲೋನಿಯಾ ಸೌತೆಗಳನ್ನು ತೆಗೆದು ತೊಳೆದು, ಸಣ್ಣ ಬಿಲ್ಲೆಗಳಾಗಿ ಹೆಚ್ಚಿ ತಟ್ಟೆಗಳಲ್ಲಿ ಜೋಡಿಸಿದಳು. ಮುಂದೆ ಮಳಿಗೆಯಲ್ಲಿ ತಾನಿಗುಚಿ ಮೇಡಂ ಕಡ್ಡಿ ಚುಚ್ಚಿ ಬಂದವರಿಗೆಲ್ಲ ಕೊಡುತ್ತಿದ್ದರು. ಮಧ್ಯಾಹ್ನ ಬಿಡುವು ಸಿಕ್ಕಾಗ ರಿಯೋನಾ ಒಳಗೆ ಬಂದಳು, ಕೈಬೆರಳಿಗೆಲ್ಲ ಮಸಿ ಬಳಿದುಕೊಂಡು.

"ಮಮ್ಮಿ, ಹಸಿವು."

"ಬ್ರೆಡ್ ಉಂಟು ನೋಡು ಚೀಲದಲ್ಲಿ. ಮೊದಲು ಕೈ ತೊಳಿ."

ಭರಣಿಯ ಪಕ್ಕದಲ್ಲಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಭರಣಿಯ ಜೊತೆ ಮೇಡಂನಿಂದ ಮೇಡಂಗೆ ಹೋಗುತ್ತಿದ್ದ ಪುಸ್ತಕ. ಪಾಲನೆಯ ವಿವರ ಎಲ್ಲ ಅದರಲ್ಲಿ. ಅಪೊಲೋನಿಯಾ ಅದರ ಧೂಳು ಒರೆಸಿದ್ದಳು, ಜಪಾನೀ ಓದಲು ಬರುತ್ತಿರಲಿಲ್ಲ. ರಿಯೋನಾ ಬ್ರೆಡ್ ಕಚ್ಚುತ್ತ ಪುಟ ತಿರುವಿದಳು. ಬೇಸಗೆಯಲ್ಲಿ ಫ್ರಿಜ್‌ನಲ್ಲಿಡಿ, ಮೊಟ್ಟೆಯ ಚಿಪ್ಪು ಹಾಕಿದರೆ ಹುಳಿ ಇಳಿಯುತ್ತದೆ, ಇಂಥವೇ. ಒಂದು ಕಡೆ ಅವಳ ಬೆರಳು ನಿಂತಿತು.

"ಮಮ್ಮಿ, ದಿಸ್ ಈಸ್ ಅಬೌಟ್ ಯು."

"ಎಂತ ಬರ್ದಿದ್ದಾರೆ? ಪ್ಲೇಟ್ ಒಡೆದದ್ದಾ?"

ರಿಯೋನಾ ನಿಧಾನವಾಗಿ, ಕನ್ನಡಕ್ಕೆ ತಿರುಗಿಸುತ್ತ ಓದಿದಳು. "ಅಪೊಲೋನಿಯಾ ಉಪ್ಪಿನಕಾಯಿ ತಿನ್ನುವುದಿಲ್ಲ. ನಾನು ಕೊಟ್ಟೆ, ಬೇಡ ಅಂದಳು. ಅವಳಿಗೆ ಹಿಡಿಸುವುದಿಲ್ಲ. ಒತ್ತಾಯ ಮಾಡಿ ಅವಳಿಗೆ ಕಷ್ಟ ಕೊಡಬೇಡಿ. ಇದು ಹಿರಾಯಾಮಾ ಮೇಡಂ ಬರೆದದ್ದು. ಇಲ್ಲಿ ಕೆಳಗೆ ಇನ್ನೊಬ್ಬರು: ನಾನೂ ಕೊಡುವುದಿಲ್ಲ, ಪಾಪ. ಮತ್ತೊಬ್ಬರು: ತನಗೆ ಹಿಡಿಸದಿದ್ದರೂ ಎಷ್ಟು ಶ್ರದ್ಧೆಯಿಂದ ಮಗುಚುತ್ತಾಳೆ! ಮಮ್ಮಿ, ವಾಟ್ ಈಸ್ ದಿಸ್? ನೀನು ಗಂಜಿ ಜೊತೆ ದಿನಾ ತಿಂತಿದ್ದಿ. ಐ ಹ್ಯಾವ್ ಸೀನ್ ಯು."

ಅಪೊಲೋನಿಯಾ ಚೂರಿ ಕೆಳಗಿಟ್ಟಳು.

ಕೆಲಸಕ್ಕೆ ಸೇರಿದ ಮೊದಲ ವಾರ. ಹಿರಾಯಾಮಾ ಮೇಡಂ ಪುಟ್ಟ ತಟ್ಟೆಯಲ್ಲಿ ಎರಡು ಹೋಳಿಟ್ಟು, ಎರಡೂ ಕೈಯಿಂದ ಅವಳ ಮುಂದೆ ಚಾಚಿದ್ದರು. ಅವಳ ಬಾಯಿಯಿಂದ ತಾನಾಗಿ ಬಂದದ್ದು, "ನೋ ನೋ ಮೇಡಂ." ಬೇರೇನು ಬರಬೇಕಿತ್ತು? ಹುಟ್ಟೂರು ಶಿರ್ವದ ಮನೆಯಲ್ಲಿ ಕಲಿತದ್ದೇ ಅದು. ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೆಯ ಸಲಕ್ಕೆ ನೆಲ ನೋಡಬೇಕು. ಮೂರನೆಯ ಸಲ ಕೇಳಿದ ಮೇಲೆ ಕೈ ನೀಡಬಹುದು. ಮೊದಲ ಸಲಕ್ಕೇ ತಿಂಡಿಗೆ ಕೈಹಾಕಿದರೆ ತಾಯಿ ಆ ಮನೆಯವರ ಕಡೆ ನಗುತ್ತಲೇ ಅವಳ ತೊಡೆ ಚಿವುಟುತ್ತಿದ್ದಳು. ಕೇಳುವವರಿಗೂ ಅದು ಗೊತ್ತಿರುತ್ತಿತ್ತು. ಮೂರು ಸಲ ಕೇಳದವರನ್ನು ಜಿಪುಣರು ಅನ್ನುತ್ತಿದ್ದರು.

ಹಿರಾಯಾಮಾ ಮೇಡಂ ಒಂದೇ ಸಲ ಕೇಳಿದ್ದರು. ತಲೆಬಾಗಿ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಅವಳು ಅಂದೇ ತೀರ್ಮಾನಿಸಿದ್ದಳು: ಕೆಲಸದವರು ತಿನ್ನುವುದು ಇವರಿಗೆ ಇಷ್ಟವಿಲ್ಲ, ಬಾಯಿಮಾತಿಗೆ ಕೇಳಿದ್ದು. ಆಮೇಲಿನ ಮೇಡಮ್ಮುಗಳು ಆ ಒಂದು ಸಲವೂ ಕೇಳಲಿಲ್ಲ. ಅವಳು ಸೌತೆಯ ತುದಿಬುಡ ಎತ್ತಿಟ್ಟುಕೊಂಡು, ಎಲ್ಲರೂ ಉಂಡ ಮೇಲೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಗಂಜಿಯ ಜೊತೆ ತಿಂದಳು. ಕದ್ದ ಹಾಗೆ. ಒಂದು ಈಸ್ಟರಿನ ಮೊದಲು ಪಾಪನಿವೇದನೆಯಲ್ಲಿ ಹೇಳಿಯೂ ಬಿಟ್ಟಿದ್ದಳು. ಎಷ್ಟು ತಿಂದೆ ಎಂದು ಫಾದರ್ ಕೇಳಿದ್ದರು. ತುದಿ ಮಾತ್ರ ಫಾದರ್, ಎಂದಿದ್ದಳು. ಅವರು ನಗು ತಡೆದುಕೊಂಡು ಮೂರು ನಮೋ ಮರಿಯಾ ಜಪ ಹೇಳಲು ತಿಳಿಸಿದ್ದರು.

ಹದಿನೆಂಟು ವರ್ಷ ಅವರು ಅವಳಿಗೆ ಕನಿಕರ ತೋರಿಸುತ್ತಿದ್ದರು. ಅವಳು ಅವರನ್ನು ಜಿಪುಣರು ಅಂದುಕೊಂಡಿದ್ದಳು.

ಇನ್ನೂ ಒಂದು ನೆನಪಾಯಿತು. ಹತ್ತನೆಯ ತರಗತಿ ಮುಗಿದಾಗ ಅಪ್ಪ ಕೇಳಿದ್ದರು, ನರ್ಸಿಂಗಿಗೆ ಹೋಗುತ್ತೀಯಾ ಎಂದು. ಬೇಡ ಅಪ್ಪಾ, ಎಂದಿದ್ದಳು. ಇನ್ನೊಮ್ಮೆ ಕೇಳುತ್ತಾರೆ ಎಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಇದ್ದಳು. ತಂಗಿ ನ್ಯಾನ್ಸಿ ಒಳಗಿನಿಂದ, ನಾನು ಹೋಗ್ತೇನೆ, ಎಂದು ಕೂಗಿದಳು. ಹೋದಳು ಕೂಡ.

"ಮಮ್ಮಿ, ಆರ್ ಯು ಓಕೆ?"

"ಪುಸ್ತಕ ಅಲ್ಲೇ ಇಡು ಪುತಾ. ಯಾರಿಗೂ ಹೇಳ್ಬೇಡ."

ಹೇಳಬೇಡ ಎಂದರೆ ಹೇಳದಿರುವ ಮಗಳಲ್ಲ ರಿಯೋನಾ. ನಾಲ್ಕು ಗಂಟೆಗೆ ಮಳಿಗೆಯ ಮುಂದೆ ಹೆಂಗಸರು ಸೇರಿದರು. ತಾನಿಗುಚಿ ಮೇಡಂ ಭರಣಿಗೆ ಹೊಸ ಬಟ್ಟೆ ಸುತ್ತಿ ನಿಂತರು. ಮೊರಿತಾ ಎರಡೂ ಕೈ ಮುಂದೆ ಹಿಡಿದಿದ್ದಳು. ಹಿಂದೆ ಖಾಲಿ ತಟ್ಟೆಗಳನ್ನು ಹಿಡಿದುಕೊಂಡು ಅಪೊಲೋನಿಯಾ. ಅಷ್ಟರಲ್ಲಿ ರಿಯೋನಾ ಮೇಡಂ ಹತ್ತಿರ ಹೋಗಿ ಜಪಾನೀ ಭಾಷೆಯಲ್ಲಿ ಏನೋ ಹೇಳಿದಳು. ಮೇಡಂ ಮುಖ ಬಿಳಿಚಿಕೊಂಡಿತು. ಅವರು ತಿರುಗಿ, ಅಪೊಲೋನಿಯಾಳಿಗೂ ಅರ್ಥವಾಗುವಂಥ ಇಂಗ್ಲಿಷಿನಲ್ಲಿ, ಎಲ್ಲರೆದುರು ಕೇಳಿದರು.

"ಅಪೊಲೋನಿಯಾ, ನೀನು ತಿನ್ನುತ್ತೀಯಾ? ನಿನಗೆ ಇದು ಬೇಕಾ?"

ಇಪ್ಪತ್ತು ಮುಖಗಳು ಅವಳತ್ತ ತಿರುಗಿದವು. ಎದೆಯಲ್ಲಿ ಬೇಕು ಎಂಬುದು ಎದ್ದು ನಿಂತಿತ್ತು. ನಾಲಿಗೆ ಮಾತ್ರ ಶಿರ್ವದ್ದೇ ಆಗಿತ್ತು.

"ನೋ ನೋ ಮೇಡಂ. ಮೊರಿತಾ ಮೇಡಂ ತಗೊಳ್ಳಲಿ."

"ಮಮ್ಮಿ!" ಎಂದಳು ರಿಯೋನಾ.

ತಾನಿಗುಚಿ ಮೇಡಂ ಅವಳ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ತಲೆಬಾಗಿ ತಿರುಗಿದರು. ಭರಣಿ ಕೈ ದಾಟಿತು. ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಡೋಲು ಶುರುವಾದ್ದರಿಂದ ಜನ ಆ ಕಡೆ ಸರಿದರು. ರಿಯೋನಾ ಅಮ್ಮನ ಮೇಲಿನ ಸಿಟ್ಟಿಗೆ ಕುಂಚ ತೊಳೆಯಲು ಹೊರಟುಹೋದಳು.

ಅಪೊಲೋನಿಯಾ ಪ್ಯಾಂಟ್ರಿಗೆ ಬಂದು ತಟ್ಟೆ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದು ಹುಡುಕಿದಳು. ಹಿರಾಯಾಮಾ ಮೇಡಂ ಮೇಲೆ ಮಾಡುವ ಹಾಗಿರಲಿಲ್ಲ. ಬೇಡ ಅನ್ನಲು ಕಲಿಸಿದ ತನ್ನ ತಾಯಿ ತೀರಿಕೊಂಡು ಒಂಬತ್ತು ವರ್ಷ. ಇವತ್ತು ಕೇಳಿದವರು ಸರಿಯಾಗಿಯೇ ಕೇಳಿದ್ದರು.

ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ ಹೊರಗೆ ತಂದಾಗ, ಮಳಿಗೆಯ ಹಿಂದಿನ ಮೇಜಿನಲ್ಲಿ ಮೊರಿತಾ ಒಬ್ಬಳೇ ಕೂತಿದ್ದಳು. ಭರಣಿಯ ಮುಚ್ಚಳ ತೆಗೆದಿದ್ದಳು. ಬಲಗೈಗೆ ತೆಳುವಾದ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು, ಎರಡು ಬೆರಳಿನಿಂದ ತೌಡಿನ ಮೇಲ್ಭಾಗವನ್ನು, ಸುಟ್ಟುಬಿಡುತ್ತದೋ ಎಂಬ ಹಾಗೆ, ಮುಟ್ಟಿ ನೋಡುತ್ತಿದ್ದಳು.

ಅಪೊಲೋನಿಯಾ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

"ಗ್ಲೌಸ್ ನೋ" ಎಂದಳು. ದನಿ ತನಗೇ ಜೋರೆನಿಸಿತು. "ಮೇಡಂ, ಗ್ಲೌಸ್ ಹಾಕಿದ್ರೆ ಇದು ಸಾಯ್ತದೆ. ಕೈ ಬೇಕು."

ಮೊರಿತಾ ಗಾಬರಿಯಿಂದ ಎದ್ದು ನಿಂತು ಕ್ಷಮೆ ಕೇಳಿದಳು. "ನನ್ನ ಅಜ್ಜಿಯ ಹತ್ತಿರ ಇತ್ತು" ಎಂದಳು, ಒಂದೊಂದೇ ಇಂಗ್ಲಿಷ್ ಪದ ಹುಡುಕುತ್ತ. "ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಹಾಳು ಮಾಡುತ್ತೇನೋ ಎಂದು ಹೆದರಿಕೆ. ಆದರೆ ನನಗೆ ಇದು ತುಂಬಾ ಇಷ್ಟ."

ಅವಳಿಗೂ ಬೇಕು. ಅದು ಮುಖದಲ್ಲೇ ಇತ್ತು. ಅಪೊಲೋನಿಯಾಳ ಕಾಲು ಕ್ಷಣಕಾಲ ಹಿಂದೆ ಸರಿಯಿತು. ಪಾಪ, ಚಿಕ್ಕವಳು, ಇಟ್ಟುಕೊಳ್ಳಲಿ. ಹಾಗೆಂದು ಪೆಟ್ಟಿಗೆ ಎತ್ತಿಕೊಂಡು ಹೋದರೆ ಎಲ್ಲ ಮುಗಿಯುತ್ತಿತ್ತು. ಹಾಗೆ ಎಷ್ಟೋ ಮುಗಿದಿದ್ದವು.

"ಮೇಡಂ, ನನಗೆ ಬೇಕು" ಎಂದಳು.

ಮೊರಿತಾಳಿಗೆ ಅರ್ಥವಾಗಲಿಲ್ಲ. ಅಪೊಲೋನಿಯಾ ಭರಣಿಯನ್ನು ತೋರಿಸಿದಳು, ತನ್ನ ಎದೆಯನ್ನು ತೋರಿಸಿದಳು.

"ಇದು. ನನಗೆ. ಹದಿನೆಂಟು ವರ್ಷ ನನ್ನ ಕೈ."

"ಆದರೆ ನೀವು ನೋ ಅಂದಿರಿ."

"ಅಂದೆ. ಅದು ತಪ್ಪು."

ಮೊರಿತಾ ಭರಣಿಯ ಕಡೆ ನೋಡಿದಳು, ಅವಳ ಕಡೆ ನೋಡಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಹತ್ತಿರ ತಂದು, "ಸ್ವಲ್ಪ?" ಎಂದು ಕೇಳಿದಳು. ಒಂದು ಮುಷ್ಟಿ ಸಾಕು, ಹೆಪ್ಪಿಗೆ ಅಷ್ಟೇ ಸಾಕಾಗುತ್ತದೆ ಎನ್ನಲು ಅಪೊಲೋನಿಯಾಳ ಬಾಯಿ ತೆರೆಯಿತು.

"ಅರ್ಧ" ಎಂದಳು.

ಪ್ಯಾಂಟ್ರಿಯಲ್ಲಿ ಆಲಿವ್ ಕಾಯಿಯ ಖಾಲಿ ಪ್ಲಾಸ್ಟಿಕ್ ಬಕೆಟ್ ಇತ್ತು. ಅಪೊಲೋನಿಯಾ ಅದನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ತಂದಳು. ಉಂಗುರ ಕಳಚಿದಳು. ಮೊರಿತಾಳ ಕೈಯಿಂದ ಗ್ಲೌಸನ್ನು ತಾನೇ ಎಳೆದು ತೆಗೆದು, ಆ ತಣ್ಣನೆಯ ಪುಟ್ಟ ಕೈಯನ್ನು ತನ್ನ ಕೈಯ ಜೊತೆಗೇ ತೌಡಿನೊಳಗೆ ಮಣಿಕಟ್ಟಿನವರೆಗೆ ತಳ್ಳಿದಳು. ಹುಡುಗಿ ಕಿಸಕ್ಕನೆ ನಕ್ಕಳು.

"ತಳದಿಂದ. ಹಾಗೆ. ಬದಿ ಬಿಡ್ಬೇಡಿ, ಬೂಸ್ಟು ಬರುವುದೇ ಅಲ್ಲಿಂದ."

ತಾನಿಗುಚಿ ಮೇಡಂ ಬಂದಾಗ ಅಪೊಲೋನಿಯಾ ಬಕೆಟ್ಟಿಗೆ ತೌಡು ತುಂಬುತ್ತಿದ್ದಳು.

"ಅಪೊಲೋನಿಯಾ, ನೀನು ಬೇಡ ಅಂದೆಯಲ್ಲ."

"ನಮ್ಮ ಕಡೆ ಮೂರು ಸಲ ಕೇಳ್ಬೇಕು ಮೇಡಂ. ಒಂದು ಸಲಕ್ಕೆ ಯಾರೂ ಹೌದು ಅನ್ನುದಿಲ್ಲ."

ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡರು. "ನಮ್ಮಲ್ಲೂ ಹಾಗೆಯೇ" ಎಂದರು. "ನಾವೂ ಮೊದಲು ಬೇಡ ಅನ್ನುತ್ತೇವೆ. ಆದರೆ ಹೊರದೇಶದವರು ಮನಸ್ಸಿನಲ್ಲಿದ್ದದ್ದನ್ನೇ ನೇರ ಹೇಳುತ್ತಾರೆ ಎಂದು ನಮಗೆ ಹೇಳಿಕೊಟ್ಟಿದ್ದರು."

ಅಪೊಲೋನಿಯಾಳ ಕೈ ತುಂಬ ತೌಡಿತ್ತು, ಕೆಲಸ ಮುಂದುವರಿಸಿದಳು. ಭರಣಿಯನ್ನೂ ಅವಳೇ ಇಟ್ಟುಕೊಳ್ಳಲಿ ಎಂದು ಮೊರಿತಾ ಮುಂದಕ್ಕೆ ಸರಿಸಿದಾಗ, "ಭರಣಿ ನಿಮಗಿರಲಿ, ನನಗೆ ಬಕೆಟ್ ಆಗ್ತದೆ" ಎಂದಳು. ಇದು ಉಪಚಾರದ ಬೇಡ ಆಗಿರಲಿಲ್ಲ. ತೌಡು ಹಾಳಾದರೆ, ಬಣ್ಣ ತಿರುಗಿದರೆ, ತಾನಿರುವ ಆಫೀಸಿಗೆ ಬಂದು ಇನ್ನೊಂದು ಮುಷ್ಟಿ ಕೊಂಡುಹೋಗಲು ಮೊರಿತಾಳಿಗೆ ತಿಳಿಸಿ, ರಿಯೋನಾಳನ್ನು ಕರೆಸಿ ವಿಳಾಸ ಬರೆಸಿದಳು.

ಹೊರಗೆ ಕಾರು ಕೆಂಡದ ಹಾಗೆ ಕಾದಿತ್ತು. ಅಪೊಲೋನಿಯಾ ಹಿಂದಿನ ಸೀಟಿನಲ್ಲಿ ಬಕೆಟ್ಟನ್ನು ಮಡಿಲಲ್ಲಿಟ್ಟು ಕೂತಳು. ರಿಯೋನಾ ಪಕ್ಕದಲ್ಲಿ ಕೂತು, ಒಂದು ಕೈಯಿಂದ ಅದರ ಮುಚ್ಚಳ ಒತ್ತಿ ಹಿಡಿದಳು. ಬಾವಾಕುಂಞಿ ಮೂಗು ಅರಳಿಸಿ ನಾಲ್ಕೂ ಕಿಟಕಿ ಇಳಿಸಿದ.

"ಕಿಟಕಿ ಮುಚ್ಚಿ ಬಾವಾಕ. ಏಸಿ ಜೋರು ಮಾಡಿ."

"ವಾಸನೆ ಬಾಯಮ್ಮ! ಒಳಗೇ ಉಳೀತದೆ."

"ಉಳೀಲಿ. ಸೆಕೆಗೆ ಇದು ಕೆಡ್ತದೆ."

"ಸರ್ ಕೇಳಿದ್ರೆ?"

"ಅಪೊಲೋನಿಯಾಳದ್ದು ಅಂತ ಹೇಳಿ."

ಬಾವಾಕುಂಞಿ ಏನೋ ಗೊಣಗುತ್ತ ಒಂದೊಂದಾಗಿ ಕಿಟಕಿ ಏರಿಸಿದ.